ಜೈಲು ನೌಕರಿ ಅಂದರೆ ಯಾರ ನೌಕರಿ?

ಪ್ರಶ್ನೆ: ನಾವು ಗೌರಿಬಿದನೂರು ತಾಲ್ಲೂಕಿನವರು. ಮಗ ಬಿ.ಎ. ಮುಗಿಸಿದ್ದಾನೆ. ಜೈಲು ಇಲಾಖೆಯವರು ವೀಕ್ಷಕರ (ವಾರ್ಡರ್) ಹುದ್ದೆಗೆ ಕರೆದರೆ ಅರ್ಜಿ ಹಾಕುತ್ತೇನೆ ಅನ್ನುತ್ತಾನೆ. ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಜೈಲಿನವರು ಪೊಲೀಸರೇನಾ? ಇದು ಕೇಂದ್ರದ್ದೋ, ರಾಜ್ಯದ್ದೋ? ಐಪಿಎಸ್ ಥರ ದೇಶಕ್ಕೆಲ್ಲ ಒಂದೇ ಜೈಲು ಸರ್ವಿಸ್ ಇದೆಯಾ? ಇನ್ನೊಂದು ವಿಷಯ. ನಮ್ಮ ತಾತ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ, ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ ವರ್ಷ ಜೈಲಿಗೆ ಹೋಗಿ ಬಂದವರು. ಆಗಿನ ದಾಖಲೆ ಈಗ ಸಿಗುತ್ತಾ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಾತ ಜೈಲಿಗೆ ಹೋದದ್ದನ್ನು ಹೆಮ್ಮೆಯಿಂದ ಬರೆದಿದ್ದೀರಿ. ಮಗ ಜೈಲಿನಲ್ಲಿ ಕೆಲಸಕ್ಕೆ ಸೇರುವ ಮಾತನ್ನು ಸಂಕೋಚದಿಂದ ಬರೆದಿದ್ದೀರಿ. ನನಗೆ ಆ ಸಂಕೋಚ ಗೊತ್ತು. ನಾನು ಸಹಾಯಕ ಜೈಲರ್ ಆಗಿ ಸೇರಿದ ದಿನ ನಮ್ಮವ್ವ ಊರಲ್ಲಿ ಯಾರಿಗೂ ಹೇಳಲಿಲ್ಲ. 'ಬೆಂಗಳೂರಲ್ಲಿ ಸರ್ಕಾರಿ ಕೆಲಸ' ಅಂತ ಮಾತ್ರ ಹೇಳುತ್ತಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಅದೇ ಕೆಲಸ ಮಾಡಿ ಈಗ ತುಮಕೂರಿನಲ್ಲಿ ನಿವೃತ್ತನಾಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ಮೊದಲು ಚಿಕ್ಕ ಉತ್ತರ. ಜೈಲಿನವರು ಪೊಲೀಸರಲ್ಲ. ಇಲಾಖೆ ರಾಜ್ಯದ್ದು. ದೇಶಕ್ಕೆಲ್ಲ ಒಂದೇ ಜೈಲು ಸರ್ವಿಸ್ ಅಂತ ಇಲ್ಲ, ಯಾವತ್ತೂ ಇರಲಿಲ್ಲ.

ಪೊಲೀಸರು ಅಂತ ಜನ ತಿಳಿಯುವುದಕ್ಕೆ ಕಾರಣ ಇದೆ. ಬಟ್ಟೆ ಖಾಕಿ. ಇಲಾಖೆ ಇರುವುದು ಗೃಹ ಇಲಾಖೆಯ ಕೆಳಗೆ. ಮೇಲೆ ಕೂತಿರುವ ಮಹಾನಿರ್ದೇಶಕರು ಸಾಮಾನ್ಯವಾಗಿ ಐಪಿಎಸ್ ಅಧಿಕಾರಿ. ಆದರೆ ಕೆಲಸ ಪೂರ್ತಿ ಬೇರೆ. ಪೊಲೀಸರು ಹಿಡಿದವನನ್ನು ಠಾಣೆಯ ಲಾಕಪ್ಪಿನಲ್ಲಿ ಇಡುತ್ತಾರೆ. 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನ ಅಂತ ಬರೆದರೆ ಅವನು ಜೈಲಿಗೆ ಬರುತ್ತಾನೆ. ಅಲ್ಲಿಂದ ಮುಂದೆ ಅವನು ಪೊಲೀಸರ ಕೈಯಲ್ಲಿಲ್ಲ. ನ್ಯಾಯಾಲಯ ಒಂದು ವಾರಂಟ್ ಕೊಟ್ಟು ಒಂದು ಜೀವವನ್ನು ನಮ್ಮ ಕೈಗೆ ಒಪ್ಪಿಸುತ್ತದೆ. ಇಂಥ ತಾರೀಕು ಮತ್ತೆ ತಂದು ನಿಲ್ಲಿಸಿ ಅನ್ನುತ್ತದೆ. ಅವನು ಏನು ಮಾಡಿದ, ಮಾಡಲಿಲ್ಲ ಅನ್ನುವುದನ್ನು ಕೇಳುವುದು ನಮ್ಮ ಕೆಲಸವಲ್ಲ. ಬಂದ ಹಾಗೇ ಜೋಪಾನವಾಗಿ ಇಟ್ಟುಕೊಂಡು, ಕೇಳಿದಾಗ ವಾಪಸ್ ಒಪ್ಪಿಸುವುದು ನಮ್ಮ ಕೆಲಸ. ಜೈಲು ನೌಕರಿಯ ಬುಡ ಇದೇ.

ಕೈದಿಯನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ಬರುವ ಎಸ್ಕಾರ್ಟ್ ಮಾತ್ರ ಪೊಲೀಸರದು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು ಬರುತ್ತಾರೆ. ಚುನಾವಣೆ, ಜಾತ್ರೆ, ಮಂತ್ರಿಗಳ ಭೇಟಿ ಇದ್ದರೆ ಅವರು ಸಿಗುವುದಿಲ್ಲ. ಕೈದಿ ಕೋರ್ಟಿಗೆ ಹೋಗುವುದಿಲ್ಲ. ಕೇಸು ಮುಂದಕ್ಕೆ ಬೀಳುತ್ತದೆ. ಈಗ ವಿಡಿಯೊ ಕಾನ್ಫರೆನ್ಸ್ ಬಂದು ಸ್ವಲ್ಪ ಸುಧಾರಿಸಿದೆ.

ಇನ್ನು ಕೇಂದ್ರವೋ ರಾಜ್ಯವೋ ಅನ್ನುವ ಪ್ರಶ್ನೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿ ಇದೆ. ಅದರ ನಾಲ್ಕನೇ ನಮೂದು ಕಾರಾಗೃಹ. ಅಂದರೆ ಜೈಲು ಕಟ್ಟುವುದು, ನಡೆಸುವುದು, ನೌಕರರನ್ನು ತೆಗೆದುಕೊಳ್ಳುವುದು, ನಿಯಮ ಮಾಡುವುದು ಎಲ್ಲ ರಾಜ್ಯದ್ದೇ. ಕೇಂದ್ರ ಗೃಹ ಸಚಿವಾಲಯ ಮಾದರಿ ಕೈಪಿಡಿ ಬರೆದು ಕಳಿಸಬಹುದು, ಸಲಹೆ ಕೊಡಬಹುದು, ಹಣ ಕೊಡಬಹುದು. 2003ರಲ್ಲಿ ಒಂದು ಮಾದರಿ ಕೈಪಿಡಿ ಬಂತು, 2016ರಲ್ಲಿ ಇನ್ನೊಂದು. 2023ರಲ್ಲಿ ಮಾದರಿ ಕಾಯಿದೆಯನ್ನೇ ಕಳಿಸಿದರು. ಒಪ್ಪುವುದು, ಬಿಡುವುದು ರಾಜ್ಯಗಳಿಗೆ ಸೇರಿದ್ದು.

ಹಾಗಾದರೆ ದೇಶದ ಜೈಲುಗಳೆಲ್ಲ ಒಂದೇ ಥರ ಯಾಕೆ ಕಾಣುತ್ತವೆ? ಅದೇ ದಪ್ಪ ಗೋಡೆ, ಅದೇ ಎರಡು ಗೇಟು, ಅದೇ ಬ್ಯಾರಕ್. ಇದಕ್ಕೆ ಹಳೆಯ ಕಥೆ ಹೇಳಬೇಕು.

ಕಂಪನಿ ಸರ್ಕಾರದ ಕಾಲದಲ್ಲಿ ಕೈದಿಗಳ ಕಾಲಿಗೆ ಸರಪಳಿ ಹಾಕಿ ರಸ್ತೆ ಕೆಲಸಕ್ಕೆ ಬಿಡುತ್ತಿದ್ದರು. 1835ರ ಕೊನೆಯಲ್ಲಿ ಮೆಕಾಲೆ ಜೈಲುಗಳ ವಿಷಯ ಎತ್ತಿದ. ಶಾಲೆಗಳಿಗೆ ಇಂಗ್ಲಿಷ್ ತಂದವನು ಅಂತ ನಮಗೆಲ್ಲ ಗೊತ್ತಿರುವ ಅದೇ ಮೆಕಾಲೆ. ಮುಂದಿನ ವರ್ಷ ಸಮಿತಿ ಆಯಿತು, 1838ರಲ್ಲಿ ವರದಿ ಬಂತು. ರಸ್ತೆ ಕೆಲಸ ಬೇಡ, ಗೋಡೆಯೊಳಗೆ ಇಡಿ, ದೊಡ್ಡ ಶಿಕ್ಷೆಯವರಿಗೆ ಸೆಂಟ್ರಲ್ ಜೈಲು ಕಟ್ಟಿ, ಪ್ರತಿ ಪ್ರಾಂತ್ಯಕ್ಕೂ ಒಬ್ಬ ಇನ್ಸ್‌ಪೆಕ್ಟರ್ ಜನರಲ್ ಇರಲಿ ಅಂದರು. ಮೊದಲ ಸೆಂಟ್ರಲ್ ಜೈಲು 1846ರಲ್ಲಿ ಆಗ್ರಾದಲ್ಲಿ ಆಯಿತು. ಆದರೆ ಕೈದಿಯನ್ನು ತಿದ್ದುವ ಯೋಚನೆ ಆ ಸಮಿತಿಗೆ ಇರಲಿಲ್ಲ. ಕೆಲಸ ಬೇಸರ ಹುಟ್ಟಿಸುವಂತೆ, ಮನಸ್ಸಿಗೆ ಹಿಡಿಸದಂತೆ ಇರಬೇಕು ಅನ್ನುವುದೇ ಅದರ ನಿಲುವು.

ಜೈಲುಗಳಲ್ಲಿ ಜನ ರೋಗ ಬಂದು ಸಾಯುತ್ತಿದ್ದರು. ಹಾಗಾಗಿ 1864ರ ಸಮಿತಿ ಒಬ್ಬ ಕೈದಿಗೆ ಮಲಗಲು 54 ಚದರ ಅಡಿ ಜಾಗ ಬೇಕು ಎಂದು ಲೆಕ್ಕ ಹಾಕಿತು. ಸಿವಿಲ್ ಸರ್ಜನ್‌ಗಳನ್ನು ಜೈಲು ಸೂಪರಿಂಟೆಂಡೆಂಟ್ ಮಾಡಿ ಎಂದಿತು. ಒಂದು ಕಾಲದಲ್ಲಿ ನಮ್ಮ ಇಲಾಖೆಯ ದೊಡ್ಡವರೆಲ್ಲ ವೈದ್ಯರೇ ಆಗಿದ್ದರು ಅಂದರೆ ಈಗಿನವರು ನಂಬುವುದಿಲ್ಲ. ನನಗೆ ಅದು ಒಳ್ಳೆಯ ಯೋಚನೆಯಾಗಿಯೇ ಕಾಣುತ್ತದೆ.

ಕೊನೆಗೆ 1894ರ ಕಾರಾಗೃಹ ಕಾಯಿದೆ ಬಂತು. ಅದನ್ನು ಓದಿದರೆ ಯಾರ ಭಯದಿಂದ ಬರೆದದ್ದು ಅಂತ ಗೊತ್ತಾಗುತ್ತದೆ. ತಪ್ಪಿಸಿಕೊಳ್ಳದಂತೆ ಏನು ಮಾಡಬೇಕು, ತಪ್ಪು ಮಾಡಿದರೆ ಬೇಡಿ, ಅರೆಹೊಟ್ಟೆ ಊಟ, ಛಡಿ ಏಟು ಇವೆಲ್ಲ ಅದರಲ್ಲಿ ವಿವರವಾಗಿದೆ. ಹೊರಗೆ ಹೋದ ಮೇಲೆ ಆ ಮನುಷ್ಯ ಹೇಗೆ ಬದುಕಬೇಕು ಅನ್ನುವುದು ಅದರಲ್ಲಿಲ್ಲ. ನೌಕರರು ಕಡಿಮೆ ಇದ್ದರು. ಹಾಗಾಗಿ ಕೈದಿಗಳಲ್ಲೇ ಕೆಲವರಿಗೆ ಅಧಿಕಾರ ಕೊಟ್ಟು ಉಳಿದವರನ್ನು ಕಾಯಲು ನಿಲ್ಲಿಸುವುದಕ್ಕೆ ಕಾಯಿದೆಯಲ್ಲೇ ದಾರಿ ಮಾಡಿದರು.

ಮನುಷ್ಯನನ್ನು ತಿದ್ದಿ ಕಳಿಸಬೇಕು ಅನ್ನುವ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದ್ದು 1919-20ರ ಭಾರತೀಯ ಜೈಲು ಸಮಿತಿ. ಆದರೆ ಅದೇ 1919ರ ಸುಧಾರಣೆಯಲ್ಲಿ ಜೈಲುಗಳನ್ನು ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟರು. ಒಳ್ಳೆಯ ಮಾತು ಬಂದ ಹೊತ್ತಿಗೆ ಅದನ್ನು ಎಲ್ಲ ಕಡೆ ನಡೆಸುವ ಒಂದು ಕೈ ಇಲ್ಲವಾಯಿತು. ಭಯ, ಬೇಡಿಯ ಕಾಯಿದೆ ದೇಶಕ್ಕೆಲ್ಲ ಒಂದೇ ಆಗಿ ಹೋಯಿತು. ಸುಧಾರಣೆ ಮಾತ್ರ ಒಂದೊಂದು ಕಡೆ ಒಂದೊಂದು ಥರ ಆಯಿತು. ನನಗೆ ಇವತ್ತಿಗೂ ಬೇಜಾರಾಗುವ ವಿಷಯ ಇದು.

ನಮ್ಮ ರಾಜ್ಯದ ಕಥೆ ಇನ್ನೂ ಗೋಜಲು. ಮೈಸೂರು ಸಂಸ್ಥಾನಕ್ಕೆ ಅದರದೇ ಜೈಲುಗಳಿದ್ದವು. ನಿಮ್ಮ ತಾತ ಹೋಗಿದ್ದು ಬ್ರಿಟಿಷರ ಜೈಲಿಗಲ್ಲ, ಸಂಸ್ಥಾನದ ಜೈಲಿಗೆ. 1956ರಲ್ಲಿ ರಾಜ್ಯ ಒಂದಾದಾಗ ಬೆಳಗಾವಿ, ಧಾರವಾಡ, ವಿಜಯಪುರದ ಜೈಲುಗಳು ಮುಂಬಯಿ ಪದ್ಧತಿಯಲ್ಲಿದ್ದವು. ಕಲಬುರಗಿ ಹೈದರಾಬಾದಿನದು. ಮಂಗಳೂರು ಮದ್ರಾಸಿನದು. ಒಬ್ಬೊಬ್ಬರದು ಒಂದೊಂದು ರಿಜಿಸ್ಟರ್, ಒಂದೊಂದು ಹೆಸರು. ಈ ಕಡೆ ಬಂದೀಖಾನೆ ಅಂದರೆ ಧಾರವಾಡದ ಕಡೆ ತುರಂಗ ಅನ್ನುತ್ತಿದ್ದರು. ಎಲ್ಲಕ್ಕೂ ಸೇರಿಸಿ ಒಂದು ಕಾಯಿದೆ ಆಗಿದ್ದು 1963ರಲ್ಲಿ, ನಿಯಮಗಳು 1974ರಲ್ಲಿ. ಈಗಿನ ಕೈಪಿಡಿ 2021ರದು. ಈಗ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ.

ಒಂದೇ ಸರ್ವಿಸ್ ಮಾಡಿ ಅಂತ ಯಾರೂ ಹೇಳಲಿಲ್ಲವೇ? ಹೇಳಿದ್ದಾರೆ. 1980ರಲ್ಲಿ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಅವರ ಸಮಿತಿ ಆಯಿತು. 1983ರಲ್ಲಿ ವರದಿ ಕೊಟ್ಟರು. ಐಎಎಸ್, ಐಪಿಎಸ್ ಇದ್ದ ಹಾಗೆ ಜೈಲುಗಳಿಗೂ ಅಖಿಲ ಭಾರತ ಸೇವೆ ಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದರು. ಅದಕ್ಕೆ ರಾಜ್ಯಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಬೆಂಬಲ ಸಿಗಬೇಕು, ಆಮೇಲೆ ಸಂಸತ್ತು ಕಾನೂನು ಮಾಡಬೇಕು. ಅದು ಆಗಲೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದೇಶಕ್ಕೆ ಒಂದೇ ಸರ್ವಿಸ್ ಇಲ್ಲದಿದ್ದರೂ ನಡೆಯುತ್ತದೆ. ಕೋಲಾರದ ಕೈದಿಯ ಕಷ್ಟ ಕೋಲಾರದ ಭಾಷೆ ಬಲ್ಲವನಿಗೆ ಬೇಗ ತಿಳಿಯುತ್ತದೆ. ಆದರೆ ಬ್ಯಾರಕ್ಕಿನ ವಾಸನೆ ಗೊತ್ತಿರುವ ಒಬ್ಬ ಅಧಿಕಾರಿಯಾದರೂ ಇಲಾಖೆಯ ತುದಿಯವರೆಗೆ ಏರುವಂತಿರಬೇಕು. ಎಷ್ಟೋ ಒಳ್ಳೆಯ ಐಪಿಎಸ್ ಅಧಿಕಾರಿಗಳ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಅವರು ವಿಷಯ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ವರ್ಗವಾಗಿ ಹೋಗುತ್ತಿದ್ದರು.

ಈಗ ಇಲಾಖೆಯ ಮೆಟ್ಟಿಲು ಹೇಳುತ್ತೇನೆ. ಮೇಲೆ ಮಹಾನಿರ್ದೇಶಕರು, ಡಿಐಜಿಗಳು. ಬೆಂಗಳೂರಿನ ಪರಪ್ಪನ ಅಗ್ರಹಾರ, ಮೈಸೂರು, ಬೆಳಗಾವಿಯ ಹಿಂಡಲಗಾದಂಥ ಕೇಂದ್ರ ಕಾರಾಗೃಹಗಳಲ್ಲಿ ಮುಖ್ಯ ಅಧೀಕ್ಷಕರು, ಅಧೀಕ್ಷಕರು. ಅವರ ಕೆಳಗೆ ಸಹಾಯಕ ಅಧೀಕ್ಷಕರು, ಜೈಲರ್, ಸಹಾಯಕ ಜೈಲರ್, ಮುಖ್ಯ ವೀಕ್ಷಕರು, ವೀಕ್ಷಕರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿರುವಂಥ ಜಿಲ್ಲೆಯ ಜೈಲುಗಳು ಚಿಕ್ಕವು. ಅಲ್ಲಿ ಹೆಚ್ಚಿನವರು ಕೇಸು ನಡೆಯುತ್ತಿರುವವರು. ದೊಡ್ಡ ಶಿಕ್ಷೆ ಆದ ಮೇಲೆ ಕೇಂದ್ರ ಕಾರಾಗೃಹಕ್ಕೆ ಕಳಿಸುತ್ತಾರೆ. ಹಿಂದೆ ತಾಲ್ಲೂಕು ಸಬ್‌ಜೈಲುಗಳನ್ನು ತಹಸೀಲ್ದಾರರೇ ನೋಡಿಕೊಳ್ಳುತ್ತಿದ್ದರು. ತಾಲ್ಲೂಕು ಕಚೇರಿಯ ಪಕ್ಕದ ಕಂಬಿ ಬಾಗಿಲಿನ ಕೋಣೆ ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು.

ಈ ಮೆಟ್ಟಿಲಿನ ಕೊನೆಯಲ್ಲಿರುವ ವೀಕ್ಷಕನೇ ನಿಜವಾದ ಜೈಲು. ಕೈದಿ ದಿನಾ ನೋಡುವ ಸರ್ಕಾರ ಅಂದರೆ ಅವನೊಬ್ಬನೇ. ಬೆಳಿಗ್ಗೆ ಬ್ಯಾರಕ್ ಬಾಗಿಲು ತೆಗೆದು ಎಣಿಸಬೇಕು. ಮಧ್ಯಾಹ್ನ ಎಣಿಸಬೇಕು. ಸಂಜೆ ಬಾಗಿಲು ಹಾಕಿ ಎಣಿಸಬೇಕು. ಲೆಕ್ಕ ಸರಿಯಾಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಸಂಜೆ ನಮ್ಮಲ್ಲಿ ಒಂದು ತಲೆ ಕಡಿಮೆ ಬಂತು. ಎದೆ ಬಾಯಿಗೆ ಬಂತು. ಮೂರು ಸಲ ಎಣಿಸಿದೆವು. ಕೊನೆಗೆ ಅಡುಗೆಮನೆಯಲ್ಲಿ ರಾಗಿ ಮೂಟೆಗಳ ಹಿಂದೆ ಒಬ್ಬ ಹುಡುಗ ಸಿಕ್ಕಿದ. ತಪ್ಪಿಸಿಕೊಳ್ಳಲು ಕೂತಿರಲಿಲ್ಲ. ಅವನ ತಂಗಿಯ ಮದುವೆ ಅವತ್ತು. ಯಾರಿಗೂ ಕಾಣದ ಹಾಗೆ ಅಳಲು ಒಂದು ಮೂಲೆ ಬೇಕಿತ್ತು ಅವನಿಗೆ. ನಮ್ಮ ಹಿರಿಯ ವೀಕ್ಷಕರೊಬ್ಬರು ಅವನ ಪಕ್ಕ ಕೂತರು. ಬೈಯಲಿಲ್ಲ. 'ಬಾರಪ್ಪ, ಲೆಕ್ಕ ಸಿಗಬೇಕು, ಆಮೇಲೆ ಅಳುವೆಯಂತೆ' ಅಂದರು. ವೀಕ್ಷಕ ಎಂಥವನಿರಬೇಕು ಅಂತ ನಾನು ಕಲಿತದ್ದು ಅವತ್ತು.

ಆರು ಕೈದಿಗಳಿಗೆ ಒಬ್ಬ ಕಾವಲಿನವರು ಇರಬೇಕು ಅನ್ನುತ್ತದೆ 2016ರ ಮಾದರಿ ಕೈಪಿಡಿ. ಡ್ಯೂಟಿ ಎಂಟು ಗಂಟೆ ಅನ್ನುತ್ತದೆ. ನಾನು ಕೆಲಸ ಮಾಡಿದ ಕಡೆ ಈ ಎರಡೂ ಪುಸ್ತಕದಲ್ಲೇ ಉಳಿದವು. ನಿದ್ದೆಗೆಟ್ಟ ಮನುಷ್ಯ ಬೇಗ ಕೈ ಎತ್ತುತ್ತಾನೆ. ಬೇಗ ಲಂಚಕ್ಕೆ ಬೀಳುತ್ತಾನೆ. ಬೀಡಿ, ಗಾಂಜಾ, ಮೊಬೈಲ್ ಒಳಗೆ ಬಂದವು ಅಂತ ಪೇಪರಿನಲ್ಲಿ ಓದುತ್ತೀರಲ್ವಾ? ಅದರಲ್ಲಿ ನಮ್ಮವರ ತಪ್ಪು ಇರುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ನಿಮ್ಮ ಮಗನಿಗೆ ಈ ಆಸೆ ಮೊದಲ ತಿಂಗಳೇ ಎದುರಾಗುತ್ತದೆ. ಮೊದಲ ಸಲ ಬೇಡ ಅಂದವನನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಮೊದಲ ಸಲ ತೆಗೆದುಕೊಂಡವನು ಆಮೇಲೆ ಕೈದಿಯ ಕೈಯಲ್ಲೇ ಕೈದಿಯಾಗುತ್ತಾನೆ.

ಒಳಗಿರುವವರು ಯಾರು ಅನ್ನುವುದೂ ನಿಮಗೆ ಗೊತ್ತಿರಲಿ. ಊರಲ್ಲಿ 'ಕೃಷ್ಣ ಜನ್ಮಸ್ಥಾನ' ಅಂತ, 'ಮುದ್ದೆ ಮುರಿಯೋಕೆ ಹೋದ' ಅಂತ ಸಲೀಸಾಗಿ ಅನ್ನುತ್ತಾರೆ. 2022ರ ಕೊನೆಯಲ್ಲಿ ದೇಶದ 1,330 ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. 100 ಜನರ ಜಾಗದಲ್ಲಿ 131 ಜನ ಮಲಗಿದ್ದರು. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡಲು ಪಹಣಿ ಇಲ್ಲದೆ ಒಳಗೇ ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು, ಈಗಿನ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಅವನನ್ನು ಬಿಡುವ ಬಗ್ಗೆ ನ್ಯಾಯಾಲಯ ನೋಡಬೇಕು. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಅರ್ಹರ ವಿಷಯವನ್ನು ನ್ಯಾಯಾಲಯಕ್ಕೆ ಬರೆದು ತಿಳಿಸುವ ಹೊಣೆ ಜೈಲು ಅಧೀಕ್ಷಕರದೇ. ಒಂದು ಕಾಗದ ಸರಿಯಾದ ದಿನ ಹೋದರೆ ಒಂದು ಸಂಸಾರ ಉಳಿಯುತ್ತದೆ.

ಕಾಗದದ ಮಾತು ಬಂತು. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಊಟ ಸರಿಯಿಲ್ಲ, ಹಿಂಸೆ ಕೊಡುತ್ತಾರೆ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. ಅದೇ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆ. 1996ರಲ್ಲಿ ತೀರ್ಪು ಬಂತು. ಕಿಕ್ಕಿರಿದ ಜೈಲು, ತಡವಾಗುವ ವಿಚಾರಣೆ, ಆರೋಗ್ಯ, ಊಟ, ಮನೆಯವರ ಭೇಟಿ, ಬಯಲು ಜೈಲು ಹೀಗೆ ಒಂಬತ್ತು ವಿಷಯಗಳನ್ನು ದೇಶದ ಮುಂದೆ ಇಟ್ಟಿತು. ನಮ್ಮ ಜೈಲಿನ ಒಬ್ಬ ಕೈದಿಯ ಪತ್ರ ಇಡೀ ದೇಶದ ಜೈಲುಗಳ ಪಾಠವಾಯಿತು.

2024ರ ಅಕ್ಟೋಬರಿನಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂದಿದೆ. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಇಂಥ ಜಾತಿಯವರಿಗೆ ಅಡುಗೆ, ಇಂಥವರಿಗೆ ಕಕ್ಕಸು ಬಳಿಯುವ ಕೆಲಸ ಅಂತ ಇನ್ನೂ ಇತ್ತು. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೂ. ಸುಪ್ರೀಂ ಕೋರ್ಟ್ ಅವನ್ನೆಲ್ಲ ಕಿತ್ತುಹಾಕಿ ಎಂದಿತು. ಕೈದಿಗಳ ರಿಜಿಸ್ಟರಿನ ಜಾತಿ ಕಲಂ ಅಳಿಸಿ ಎಂದಿತು. ನಿಮ್ಮ ಮಗ ಸೇರಿದರೆ ಆ ಕಲಂ ಇಲ್ಲದ ರಿಜಿಸ್ಟರ್ ಬರೆಯುತ್ತಾನೆ. ನನಗೆ ಆ ಭಾಗ್ಯ ಇರಲಿಲ್ಲ.

ಜೈಲು ಅಂದರೆ ಗೋಡೆಯೇ ಆಗಬೇಕಿಲ್ಲ. ನಿಮಗೆ ದೂರವಲ್ಲದ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಸನ್ನಡತೆಯ ಸಜಾಬಂಧಿಗಳನ್ನು, ಅಂದರೆ ಶಿಕ್ಷೆಯಾದ ಕೈದಿಗಳನ್ನು, ಆರಿಸಿ ಅಲ್ಲಿ ಇಡುತ್ತಾರೆ. ಅವರು ಹೊಲದಲ್ಲಿ ಕೆಲಸ ಮಾಡುತ್ತಾರೆ. ಮೈಸೂರಿನ ಕಡೆ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ನಾಟಕ ಮಾಡಿಸಿದರು. ದಿನಗೂಲಿಯೂ ಈಗ ಸುಧಾರಿಸಿದೆ. ಕೆಲಸ ಮಾಡುವ ಸಜಾಬಂಧಿಗೆ ನಮ್ಮ ರಾಜ್ಯದಲ್ಲಿ ದಿನಕ್ಕೆ 500 ರೂಪಾಯಿ ದಾಟಿದೆ. ನಾನು ಸೇರಿದಾಗ ಸಿಗುತ್ತಿದ್ದ ಕೂಲಿ ಒಂದು ಸೋಪಿಗೂ ಸಾಲುತ್ತಿರಲಿಲ್ಲ.

ಮಗನ ವಿಷಯಕ್ಕೆ ಬರುತ್ತೇನೆ. ವೀಕ್ಷಕರ ಹುದ್ದೆಗೆ ಎಸ್ಸೆಸ್ಸೆಲ್ಸಿ ಕೇಳುತ್ತಾ ಬಂದಿದ್ದಾರೆ, ಜೈಲರ್ ಹುದ್ದೆಗೆ ಪದವಿ. ಅವನು ಬಿ.ಎ. ಆಗಿರುವುದರಿಂದ ಎರಡಕ್ಕೂ ಹಾಕಲಿ. ನೇಮಕಾತಿಯನ್ನು ಪೊಲೀಸ್ ಇಲಾಖೆಯ ನೇಮಕಾತಿ ವಿಭಾಗದ ಮೂಲಕ ಮಾಡುತ್ತಾರೆ. ಬರವಣಿಗೆ ಪರೀಕ್ಷೆ ಇರುತ್ತದೆ, ಓಟ, ಜಿಗಿತದ ದೈಹಿಕ ಪರೀಕ್ಷೆ ಇರುತ್ತದೆ. ವಯಸ್ಸು, ಎತ್ತರವನ್ನು ಆ ಸಲದ ಅಧಿಸೂಚನೆಯಲ್ಲೇ ನೋಡಲಿ. ಸುಮ್ನೆ ಯಾರೋ ಏಜೆಂಟ್ ಮಾತು ಕೇಳಿ ದುಡ್ಡು ಕೊಡಬೇಡಿ. ಆಯ್ಕೆಯಾದರೆ ತರಬೇತಿ ಇದೆ. ಅಧಿಕಾರಿಗಳಾದವರಿಗೆ ತಮಿಳುನಾಡಿನ ವೆಲ್ಲೂರಿನ ಅಕಾಡೆಮಿಯಲ್ಲೂ ತರಬೇತಿ ಆಗುತ್ತದೆ. 1979ರಿಂದ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಇರುವ ಸಂಸ್ಥೆ ಅದು. ಅರ್ಜಿ ಹಾಕುವ ಮುಂಚೆ ಒಂದು ದಿನ ಅವನು ಚಿಕ್ಕಬಳ್ಳಾಪುರದ ಜಿಲ್ಲಾ ಕಾರಾಗೃಹದ ಹೊರಗೆ, ಮನೆಯವರು ಭೇಟಿಗೆ ಬರುವ ಹೊತ್ತಿಗೆ ಹೋಗಿ ನಿಲ್ಲಲಿ. ಮಗು ಎತ್ತಿಕೊಂಡು ಬಂದ ಹೆಂಗಸರು, ಆಧಾರ್ ಕಾರ್ಡ್ ಮರೆತು ಬಂದ ಮುದುಕರು ಅಲ್ಲಿರುತ್ತಾರೆ. ಅವರ ಜೊತೆ ಗೇಟಿನವರು ಹೇಗೆ ಮಾತಾಡುತ್ತಾರೆ ನೋಡಲಿ. ತಾನಾಗಿದ್ದರೆ ಹೇಗೆ ಮಾತಾಡುತ್ತಿದ್ದೆ ಅಂತ ಕೇಳಿಕೊಳ್ಳಲಿ.

ತಾತನವರ ದಾಖಲೆ. ವಿದುರಾಶ್ವತ್ಥದ ಗೋಲಿಬಾರ್ ಆದದ್ದು 1938ರ ಏಪ್ರಿಲ್ 25ರಂದು. ಜೈಲಿಗೆ ಬಂದ ಪ್ರತಿಯೊಬ್ಬರ ಹೆಸರೂ ಪ್ರವೇಶ ರಿಜಿಸ್ಟರಿನಲ್ಲಿ ಬರೆಯಲೇಬೇಕು. ಪ್ರತಿಯೊಬ್ಬರಿಗೂ ಹಿಸ್ಟರಿ ಟಿಕೆಟ್ ಅಂತ ಒಂದು ಚೀಟಿ ಇರುತ್ತದೆ. ಹಾಗಾಗಿ ಬರೆದಂತೂ ಇರುತ್ತಾರೆ. ಅಷ್ಟು ಹಳೆಯ ಕಾಗದ ಗೆದ್ದಲಿಗೆ ಹೋಗದೆ ಉಳಿದಿದ್ದರೆ ಎರಡು ಕಡೆ ಹುಡುಕಬಹುದು. ತಾತ ಯಾವ ಜೈಲಿನಲ್ಲಿದ್ದರು ಅಂತ ಗೊತ್ತಿದ್ದರೆ ಅದರ ಅಧೀಕ್ಷಕರಿಗೆ ಒಂದು ಅರ್ಜಿ ಕೊಡಿ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಾಗಿದ್ದರೆ ಆ ಕಟ್ಟಡ ಈಗ ಫ್ರೀಡಂ ಪಾರ್ಕ್ ಆಗಿದೆ. ಅದರ ಕೆಲಸವೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋಗಿದೆ, ಅಲ್ಲಿಗೆ ಬರೆಯಿರಿ. ಇನ್ನೊಂದು, ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳು ಅಲ್ಲಿವೆ. ತಾತನ ಹೆಸರು, ಅವರ ತಂದೆಯ ಹೆಸರು, ಊರು, ಇಸವಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆ ಕಾಲದಲ್ಲಿ ಹೆಸರಿನ ಸ್ಪೆಲ್ಲಿಂಗ್ ಬರೆದವರ ಇಷ್ಟದಂತೆ ಇರುತ್ತಿತ್ತು. ಅದಕ್ಕೇ ಎರಡು ಮೂರು ಥರ ಬರೆದು ಹುಡುಕಲು ಹೇಳಿ. ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ ಅಮ್ಮಾ.